ಹಂಪಮ್ಮನ ಪಾಲಿನ ಹಾಲು

ಅಕ್ಕಿ ಗಿರಣಿಯ ಬೆಕ್ಕು ಇಲಿ ಹಿಡಿಯದಿದ್ದರೆ ಅದನ್ನು ಸಾಕುವುದಾದರೂ ಯಾಕೆ? ನಮ್ಮ ಮನೆಯ ಬೂದು ಬೆಕ್ಕನ್ನು ಕಂಡಾಗಲೆಲ್ಲ ನಾನು ಈ ಪ್ರಶ್ನೆ ಕೇಳುತ್ತಿದ್ದೆ. ಚೀಲ ಕಡಿಯುವ ಹೆಗ್ಗಣಗಳು ಅದರ ಮೂಗಿನ ಮುಂದೆಯೇ ಓಡಾಡಿದರೂ ಅದು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಕಂಪ್ಲಿಯ ಯಾವ ಗಿರಣಿಯಲ್ಲೂ ಅಂಥ ದಪ್ಪ ಬೆಕ್ಕಿರಲಿಲ್ಲ. ಬಂದ ವ್ಯಾಪಾರಿಗಳು ನಕ್ಕು, ಇದಕ್ಕೆ ಸೋನಾ ಮಸೂರಿ ಅನ್ನ ಹಾಕುತ್ತೀರೇನು ಸಾವ್ಕಾರ್ರೇ ಎಂದು ಕೇಳುವರು. ನಾನೂ ನಗುತ್ತಿದ್ದೆ. ಅದು ಯಾಕೆ ಹಾಗೆ ಮೈ ಬೆಳೆಸಿತು ಎಂದು ಒಂದು ದಿನವಾದರೂ ಯೋಚಿಸಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು.

ನನ್ನ ಹೆಸರು ವಿರೂಪಾಕ್ಷಪ್ಪ, ಹೆಂಡತಿಯ ಹೆಸರು ಹಂಪಮ್ಮ. ಹಂಪಿಯ ದೇವರ ಹೆಸರು ಒಬ್ಬನಿಗೆ, ದೇವಿಯ ಹೆಸರು ಒಬ್ಬಳಿಗೆ ಇದ್ದದ್ದರಿಂದ ಹೆಣ್ಣು ನೋಡಲು ಹೋದ ದಿನವೇ ಹಿರಿಯರು ಜಾತಕ ಮಡಿಸಿಟ್ಟು ಒಗ್ಗರಣೆ ಮಂಡಕ್ಕಿಗೆ ಕೈ ಹಾಕಿದರಂತೆ. ಆ ವಿರೂಪಾಕ್ಷನಿಗೆ ಮೂರು ಕಣ್ಣು. ನನಗಿರುವುದು ಎರಡೇ, ಅವೂ ಭತ್ತದಲ್ಲಿ ಜೊಳ್ಳು ಹುಡುಕುವುದಕ್ಕಷ್ಟೇ ಚೆನ್ನಾಗಿವೆ. ಗಿರಣಿಯನ್ನು ಈಗ ಮಗ ಮುರುಗೇಶ್ ನಡೆಸುತ್ತಾನೆ, ಬಿಲ್ಲು ಕಂಪ್ಯೂಟರು ಎಲ್ಲ ಸೊಸೆ ಸೌಜನ್ಯಳದು. ಲೋಡು ಬಂದಾಗ ಭತ್ತದ ಗುಣ ಹೇಳುವ ಕೆಲಸ ಮಾತ್ರ ಇನ್ನೂ ನನ್ನದೇ. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ, ಒಂದು ಕಾಳು ಹಲ್ಲಿನಲ್ಲಿ ಕಡಿದರೆ ಸಾಕು, ಇಡೀ ಲಾರಿಯ ಬಂಡವಾಳ ಹೇಳಿಬಿಡುತ್ತೇನೆ.

ಹಿತ್ತಲಲ್ಲಿ ಎರಡು ಎಮ್ಮೆ ಇವೆ. ಹಾಲು, ಮೊಸರು, ತುಪ್ಪಕ್ಕೆ ನಮ್ಮಲ್ಲಿ ಎಂದೂ ಬರವಿಲ್ಲ. ಹಂಪಮ್ಮ ಎಲ್ಲರಿಗೂ ಕೈತುಂಬ ಬಡಿಸಿ, ಕೊನೆಗೆ ಅಡುಗೆಮನೆಯ ಮೂಲೆಯಲ್ಲಿ ಒಬ್ಬಳೇ ಕೂತು ಉಣ್ಣುವಳು. ಸೌಜನ್ಯ ಮದುವೆಯಾಗಿ ಬಂದ ಹೊಸದರಲ್ಲಿ ಒಟ್ಟಿಗೆ ಉಣ್ಣೋಣ ಬನ್ನಿ ಅತ್ತೆ ಎಂದು ಕರೆದು ಕರೆದು ಸೋತಳು. ನಮ್ಮ ಅವ್ವ ಹಾಗೆಯೇ ಉಂಡವಳು, ಅವಳ ಅತ್ತೆಯೂ ಹಾಗೆಯೇ. ಮದುವೆಯಾದಂದಿನಿಂದ ನಾನು ನನ್ನ ಹೆಂಡತಿ ಉಣ್ಣುವುದನ್ನು ಕೂತು ನೋಡಿದವನಲ್ಲ. ನೋಡಬೇಕು ಎಂದು ಅನಿಸಿದವನೂ ಅಲ್ಲ.

ಎರಡು ವರ್ಷದಿಂದ ಅವಳು ಸ್ವಲ್ಪ ಸ್ವಲ್ಪವಾಗಿ ನಮ್ಮ ಕೈಯಿಂದ ಜಾರತೊಡಗಿದ್ದಳು. ಒಂದು ದಿನ ಸಾರಿಗೆ ಎರಡು ಸಲ ಉಪ್ಪು, ಮರುದಿನ ಉಪ್ಪೇ ಇಲ್ಲ. ಹರೆಯದಿಂದ ನಮ್ಮ ಅಂಗಳ ಗುಡಿಸಿಕೊಂಡು ಬಂದ ಸುಂಕಲಮ್ಮನನ್ನೇ ಯಾರವ್ವ ನೀನು ಎಂದು ಕೇಳಿ ಅಳಿಸಿಬಿಟ್ಟಳು. ಕಾಲು ಜೋಮು ಹಿಡಿದಿದೆ, ನೆಲ ಹತ್ತಿಯ ಹಾಗೆ ಮೆತ್ತಗಿದೆ ಎನ್ನುತ್ತ ಗೋಡೆ ಹಿಡಿದು ನಡೆಯುವಳು. ಉಳಿದ ಹೊತ್ತೆಲ್ಲ ಮುಂದಿನ ಕಟ್ಟೆಯ ಮೇಲೆ ಕೂತು ಬಸ್ ಸ್ಟ್ಯಾಂಡಿನ ಕಡೆಯ ರಸ್ತೆ ನೋಡುವುದು. ಮಾತಿಲ್ಲ, ನಗುವಿಲ್ಲ, ಅಳುವೂ ಇಲ್ಲ. ಅರವತ್ತಕ್ಕೆ ಅರಳು ಮರಳು ಎಂದು ಬಂದವರು ಹೇಳಿ ಚಹಾ ಕುಡಿದು ಹೋಗುವರು. ಅವಳೇ ಚಹಾ ಬಿಟ್ಟಿದ್ದಳು, ಪಿತ್ತ ಆಗುತ್ತದೆ ಎಂದು. ಒಳ್ಳೆಯದೇ ಆಯಿತು ಎಂದು ನಾನು ಹೊಗಳಿದ್ದೆ.

ಕಾರಣ ನಮಗೆ ಗೊತ್ತಿದೆ ಎಂದೇ ನಾವು ತಿಳಿದಿದ್ದೆವು. ನಮ್ಮ ಮಗಳು ಶಿಲ್ಪಶ್ರೀಯನ್ನು ಸಂಡೂರಿಗೆ ಕೊಟ್ಟಿದ್ದೆವು. ಅಳಿಯ ಕಿರಣ್ ಕುಮಾರ್ ಯಶವಂತನಗರದ ಗಣಿಯಲ್ಲಿ ಮೆಕ್ಯಾನಿಕ್. ಕೊರೋನಾದ ಎರಡನೇ ಅಲೆಯಲ್ಲಿ ಅವಳು ಆಸ್ಪತ್ರೆ ಸೇರಿದಳು, ಮನೆಗೆ ವಾಪಸು ಬರಲಿಲ್ಲ. ನಾನೂ ಮುರುಗೇಶನೂ ಪಾಸು ಮಾಡಿಸಿಕೊಂಡು ಹೋಗಿ ತಂತಿ ಬೇಲಿಯ ಆಚೆ ನಿಂತು ನೋಡಿದೆವು. ಬಿಳಿ ಗೌನು ತೊಟ್ಟ ನಾಲ್ವರು ಒಂದು ಗಂಟನ್ನು ಗುಂಡಿಗೆ ಇಳಿಸಿದರು. ಅದು ನನ್ನ ಮಗಳು ಎಂದು ಅವರು ಹೇಳಿದರು, ನಾನು ನಂಬಿದೆ. ಹಂಪಮ್ಮ ಕಂಪ್ಲಿಯಲ್ಲೇ ಇದ್ದಳು. ಅವಳಿಗೆ ನಾನು ಬರಿಗೈಯಲ್ಲಿ ಸುದ್ದಿ ಮಾತ್ರ ತಂದುಕೊಟ್ಟೆ.

ನಮ್ಮಲ್ಲಿ ಮಣ್ಣು ಮಾಡಿದ ಮೂರನೇ ದಿನ ಸಮಾಧಿಗೆ ಹಾಲು-ತುಪ್ಪ ಎರೆಯುತ್ತಾರೆ. ಸತ್ತವರಿಗೆ ಅದೇ ಕೊನೆಯ ಊಟ, ಉಳಿದವರಿಗೆ ಅದೇ ಕೊನೆಯ ಕೆಲಸ. ಅವತ್ತು ಅದಕ್ಕೆ ಯಾರಿಗೂ ಹೋಗಲಾಗಲಿಲ್ಲ, ಕಿರಣ್ ಕುಮಾರನೂ ಜ್ವರದಲ್ಲಿ ಮಲಗಿದ್ದ. ಆಮೇಲೆ ಬಂಡಿ ಬಸ್ಸು ಎಲ್ಲ ಓಡತೊಡಗಿದ ಮೇಲೆ ನಾನು ಎಷ್ಟೋ ಸಲ ಹೇಳಿದೆ, ನಡಿ, ತಡವಾದರೂ ಎರೆದು ಬರೋಣ ಎಂದು. ಹಂಪಮ್ಮ ಒಂದೇ ಮಾತು ಹೇಳುವಳು.

"ಯಾರಿಗ್ರಿ ಹಾಲು-ತುಪ್ಪ? ಮೊದಲು ಆಕಿ ಮನಿಗೆ ಬರ್ಲಿ."

ದುಃಖದ ಮಾತು ಎಂದು ನಾನು ಬಿಟ್ಟೆ. ಶಿಲ್ಪಾಳ ಮಗಳು ಪೂಜಿತಾ ಸಂಡೂರಿನಲ್ಲಿ ಅಪ್ಪನ ತಾಯಿಯ ಹತ್ತಿರ ಬೆಳೆಯುತ್ತಿದ್ದಳು. ಮುಖ, ಕತ್ತು, ನಿಲ್ಲುವ ಠೀವಿ ಎಲ್ಲ ತಾಯಿಯದೇ ಅಚ್ಚು. ಅವಳನ್ನು ಕರೆಸಿದರೆ ಗಾಯದ ಮೇಲೆ ಬರೆ ಎಳೆದಂತೆ ಎಂದು ನಾನೇ ಬೇಡವೆಂದಿದ್ದೆ. ಹಬ್ಬಕ್ಕೆ ಬಟ್ಟೆ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದೆ.

ಹೋದ ವರ್ಷ ಊರ ಕಲ್ಯಾಣ ಮಂಟಪದಲ್ಲಿ ಒಂದು ಶಿಬಿರ ಇಟ್ಟರು. ಅರವತ್ತು ದಾಟಿದವರ ರಕ್ತ ತೆಗೆದು, ಅದರಲ್ಲಿರುವ ಅಂಶಗಳಿಗೂ ಅವರ ಮನಸ್ಸಿನ ಸ್ಥಿತಿಗೂ ಏನು ಸಂಬಂಧ ಎಂದು ಅಭ್ಯಾಸ ಮಾಡುತ್ತಾರಂತೆ. ಮುಂದಾಳು ಡಾಕ್ಟರ್ ಸ್ನೇಹಾ, ಮರಿಯಮ್ಮನಹಳ್ಳಿ ಕಡೆಯ ಹುಡುಗಿ. ಮನಸ್ಸು ರಕ್ತದಲ್ಲಿದ್ದರೆ ಸೊಳ್ಳೆಗಳೇ ಮಹಾಜ್ಞಾನಿಗಳಾಗಬೇಕಿತ್ತು ಎಂದು ನಾನು ಗೇಲಿ ಮಾಡಿದೆ. ಆದರೂ ಸೌಜನ್ಯಳ ಕಾಟಕ್ಕೆ ಹಂಪಮ್ಮನನ್ನು ಕರೆದುಕೊಂಡು ಹೋದೆ. ತೋಳಿಗೆ ಸೂಜಿ ಚುಚ್ಚಿ ಕೊಳವೆ ತುಂಬಿಕೊಂಡಾಗ ನನ್ನ ಭತ್ತದ ಕೊಳವೆ ನೆನಪಾಗಿ, ಮಾದರಿ ತೆಗೆಯುವುದು ನಮ್ಮ ಕಸುಬೂ ಹೌದು ಎಂದು ಆ ಹುಡುಗಿಗೆ ಜಂಬ ಕೊಚ್ಚಿದೆ. ಆಮೇಲೆ ಪ್ರಶ್ನೆಗಳು. ಬದುಕು ಬರಿದೆನಿಸುತ್ತದೆಯೇ, ಯಾವುದಾದರೂ ಭಯ ಕಾಡುತ್ತದೆಯೇ, ಬೆಳಿಗ್ಗೆ ಏಳಲು ಮನಸ್ಸಾಗುತ್ತದೆಯೇ. ಹಂಪಮ್ಮ ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟಳು, "ಚಲೋ ಅದೀನವ್ವ." ಹೊರಗಿನವರ ಮುಂದೆ ನಮ್ಮ ಹೆಂಗಸರು ಬೇರೆ ಏನು ಹೇಳಿಯಾರು? ಕೊನೆಗೆ ಊಟದ ವಿಚಾರ ಬಂತು. ಹಾಲು ಮೊಸರು ತಗೋತಾರೇನು ಎಂದು ಕೇಳಿದಾಗ ಹಂಪಮ್ಮ ಬಾಯಿ ತೆರೆಯುವ ಮೊದಲೇ ನಾನು ಉತ್ತರಿಸಿದೆ.

"ಗಿರಣಿ ಸಾವ್ಕಾರ್ರ ಮನ್ಯಾಗ ಹಾಲು ಅದಾವೇನು ಅಂತ ಕೇಳ್ತೀಯಲ್ಲವ್ವ. ದಿನಾ ಸಂಜಿಗೆ ಗಿಂಡಿ ತುಂಬ ಕುಡಿತಾಳ, ಬರಕೋ."

ಬರೆದುಕೊಂಡಳು.

ಕೆಲವು ವಾರದ ಮೇಲೆ ಹೊಸಪೇಟೆಗೆ ಬರ ಹೇಳಿದರು. ಮುರುಗೇಶ್ ಕಾರು ತೆಗೆದ. ಡಾಕ್ಟರ್ ಸ್ನೇಹಾ ಕಾಗದ ಮುಂದಿಟ್ಟು, ಹಂಪಮ್ಮನ ರಕ್ತದಲ್ಲಿ ಬಿ ಟ್ವೆಲ್ ಎಂಬ ವಿಟಮಿನ್ ತಳ ಮುಟ್ಟಿದೆ, ಅದು ಇಳಿದಾಗ ಏರುವ ಇನ್ನೊಂದು ಅಂಶ ಮೇಲಕ್ಕೆ ಹತ್ತಿದೆ ಎಂದಳು. ಮಾಂಸ ತಿನ್ನದವರಿಗೆ ಅದು ಸಿಗುವುದು ಹಾಲು ಮೊಸರಿನಿಂದ ಮಾತ್ರವಂತೆ. ಅದು ಇಳಿದವರಲ್ಲಿ ಮರೆವು, ಮಂಕು, ಕಾಲಿನ ಜೋಮು ಕಾಣುವುದುಂಟು. ಅದರಿಂದಲೇ ಮನಸ್ಸು ಕುಗ್ಗುತ್ತದೋ, ಮನಸ್ಸು ಕುಗ್ಗಿ ಊಟ ಬಿಟ್ಟದ್ದರಿಂದ ಅದು ಇಳಿಯುತ್ತದೋ ಎಂದು ಎಲ್ಲರ ವಿಷಯದಲ್ಲೂ ಹೇಳಲಾಗುವುದಿಲ್ಲ, ನಾವು ಹುಡುಕುತ್ತಿರುವುದೇ ಅದನ್ನು ಎಂದು ಅವಳು ಒಪ್ಪಿಕೊಂಡಳು. ಒಂದು ಮಾತು ಮಾತ್ರ ಖಚಿತವಾಗಿ ಹೇಳಿದಳು. ಇಂಜೆಕ್ಷನ್ ಈಗಲೇ ಶುರು ಮಾಡದಿದ್ದರೆ ನರಗಳು ಕಾಯಂ ಆಗಿ ಕೆಡುತ್ತವೆ, ಆಮೇಲೆ ಹೋದದ್ದು ತಿರುಗಿ ಬರುವುದಿಲ್ಲ.

ನನಗೆ ಸಿಟ್ಟು ಬಂತು. ಎರಡೆಮ್ಮೆ ಕಟ್ಟಿದವನ ಹೆಂಡತಿಗೆ ಹಾಲಿನ ಬರವೆಂದರೆ ಊರು ನಗುವುದಿಲ್ಲವೇ? ನಿಮ್ಮ ಯಂತ್ರ ಕೆಟ್ಟಿದೆ ಎಂದೆ. ಅವಳು ವಾದಿಸಲಿಲ್ಲ, ಕೆಲವರಿಗೆ ಕುಡಿದರೂ ಮೈಗೆ ಹತ್ತುವುದಿಲ್ಲ, ಇಂಜೆಕ್ಷನ್ ಕೊಟ್ಟು ನೋಡೋಣ ಎಂದಳು. ಹಂಪಮ್ಮ ಸುಮ್ಮನೆ ತೋಳು ಚಾಚಿ ಕೂತಿದ್ದಳು. ಹೆದರಿದ್ದಾಳೆ ಎಂದುಕೊಂಡು ನಾನು ಪುಸಲಾಯಿಸಲು ಹೋದೆ. ಬಾಯಿ ನೋಡಿ, ಸುಮ್ಮನಿರುವುದಿಲ್ಲ.

"ಔಷಧ ಅನಕೋಬ್ಯಾಡ. ಹಾಲಿನ್ಯಾಗಿನ ಸತ್ವನ ಸೂಜ್ಯಾಗ ಹಾಕ್ಯಾರ. ಹಾಲು ಕುಡದಂಗ ಅಂತ ತಿಳಕೋ."

ಹಂಪಮ್ಮ ಚಾಚಿದ ತೋಳನ್ನು ಎಳೆದುಕೊಂಡು ಸೆರಗು ಹೊದ್ದಳು. ಹಂಗಾರ ಬ್ಯಾಡ ಎಂದಳು. ಡಾಕ್ಟರು ಇದು ಹಾಲಿನಿಂದ ಮಾಡಿದ್ದಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮುರುಗೇಶ್ ಬೇಡಿಕೊಂಡ. ನಾನು ಗದರಿದೆ. ಆಡಿದರೆ ಹೋಯಿತು ಮಾತು, ಒಡೆದರೆ ಹೋಯಿತು ಮುತ್ತು. ನಾನು ಆಡಿಬಿಟ್ಟಿದ್ದೆ.

ವಾಪಸು ಬರುವಾಗ ಕಮಲಾಪುರದ ಹತ್ತಿರ ಅವಳು ಹಂಪಿಗೆ ಹೋಗಬೇಕು ಎಂದಳು. ಅಷ್ಟು ತಿಂಗಳಲ್ಲಿ ಅವಳು ತಾನಾಗಿ ಕೇಳಿದ ಮೊದಲ ಮಾತು. ಗುಡಿಯೊಳಗೆ ಬರಲಿಲ್ಲ, ನೆಟ್ಟಗೆ ನದಿಯ ಮೆಟ್ಟಿಲಿಗೆ ನಡೆದಳು. ಮುರುಗೇಶ್ ರಟ್ಟೆ ಹಿಡಿದು ಇಳಿಸಿದ. ತೆಪ್ಪದವರು ಗಿರಾಕಿ ಕೂಗುತ್ತಿದ್ದರು, ಆಚೆ ದಡದ ಬಂಡೆಗಳು ಬಿಸಿಲಿಗೆ ಕಾದಿದ್ದವು. ಹಂಪಮ್ಮ ನೀರಿಗೆ ಕೈ ಮುಗಿದು, ಬಾಯಿಬಿಟ್ಟಳು.

"ಶಿಲ್ಪಾ ದವಾಖಾನಿ ಸೇರಿದಾಗ ಗುಡಿ ಬಾಗಲಾ ಹಾಕಿತ್ತಲ್ರಿ. ಕಂಪ್ಲಿ ಹೊಳ್ಯಾಗ ನಿಂತು ಬೇಡಿಕೊಂಡೆ. ಇಲ್ಲಿಂದ ಹರಕೊಂಡು ಬಂದ ನೀರ ಅಲ್ಲೇನು ಅದು? ಆಕಿ ಮನಿಗೆ ಬಂದು ತನ್ನ ಕೈಯಾರೆ ಕೊಡೋತನಕ ಹಾಲು ಮುಟ್ಟಂಗಿಲ್ಲ ಅಂದೀನಿ. ಮೊಸರು, ಮಜ್ಜಿಗಿ, ತುಪ್ಪ, ಯಾವುದೂ. ಆಕಿ ಇನ್ನೂ ಬಂದಿಲ್ಲ."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಚಿಕ್ಕವಳಿದ್ದಾಗಿಂದ ಸಂಜೆಯ ಹಾಲನ್ನು ಅವ್ವನಿಗೆ ಕೊಡುತ್ತಿದ್ದವಳು ಶಿಲ್ಪಾ. ತವರಿಗೆ ಬಂದಾಗಲೂ ಆ ಕೆಲಸ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಇಷ್ಟು ವರ್ಷ ಸೌಜನ್ಯ ಕೊಟ್ಟ ಹಾಲು ಎಲ್ಲಿ ಹೋಯಿತು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಆ ಸಂಜೆ ಗೋಡೌನಿನ ಮರೆಯಲ್ಲಿ ನಿಂತು ನೋಡಿದೆ. ಹಂಪಮ್ಮ ಹಾಲಿನ ಲೋಟ ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. ಬೂದು ಬೆಕ್ಕು ಮೊದಲೇ ಬಂದು ಕಾದಿತ್ತು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ತನ್ನನ್ನು ಯಾರೂ ನೋಡುವುದಿಲ್ಲ ಎಂದುಕೊಳ್ಳುತ್ತದಂತೆ. ನಮ್ಮ ಮನೆಯಲ್ಲಿ ಕಣ್ಣು ಮುಚ್ಚಿದ್ದು ಬೆಕ್ಕಲ್ಲ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಉಣ್ಣುವುದನ್ನೂ ನೋಡಿದೆ. ತಟ್ಟೆಯಲ್ಲಿ ಅನ್ನ, ನೀರು ಸಾರು, ಒಂದು ಚಿಟಿಕೆ ಗುರೆಳ್ಳು ಪುಡಿ. ಎರಡೆಮ್ಮೆಯ ಮನೆಯ ಯಜಮಾನಿಯ ಊಟ ಅದು.

ಡಾಕ್ಟರಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ಬೈಗುಳಕ್ಕೆ ತಯಾರಾಗಿಯೇ. ಅವಳು ಬೈಯಲಿಲ್ಲ. ಇಂಜೆಕ್ಷನ್ ತಡವಾಗಬಾರದು ಎಂದಷ್ಟೇ ಮತ್ತೆ ಹೇಳಿದಳು. ಮಠದ ಅಯ್ಯನವರನ್ನು ಕರೆಸಿ ಹರಕೆ ಬಿಡಿಸಬಹುದು ಎಂದು ಹೇಳಿಸಿದೆ. ಹಂಪಮ್ಮ ಅವರ ಪಾದಕ್ಕೆ ಬಿದ್ದಳು, ಹಾಲಿಗೆ ಬಾಯಿ ತೆರೆಯಲಿಲ್ಲ. ಅಷ್ಟರಲ್ಲಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಾಲು ಸೋತು ಬಿದ್ದಳು. ಎಬ್ಬಿಸಲು ಹೋದ ನನ್ನನ್ನು ಯಾರು ಎಂದು ಗುರುತಿಸಲಿಲ್ಲ. ಆಗ ನನಗೆ ಪೂಜಿತಾಳ ಮುಖ ನೆನಪಾಗಿ ಒಂದು ಯೋಚನೆ ಬಂತು. ಸೌಜನ್ಯ ಕೇಳಿ ಬೆಚ್ಚಿಬಿದ್ದಳು.

"ಮಾವ, ಆ ಕೂಸಿನ ಕೈಲೆ ಸುಳ್ಳು ಹೇಳಸ್ತೀರೇನ್ರಿ? ನಾಳೆ ಅತ್ತಿಗೆ ಬುದ್ಧಿ ತಿಳಿಯಾದ ಮ್ಯಾಲೆ ಏನ್ ಹೇಳ್ತೀರಿ?"

ಬುದ್ಧಿ ತಿಳಿಯಾಗಲಿ ಎಂದೇ ಅಲ್ಲವೇ ಇಷ್ಟೆಲ್ಲ ಎಂದು ನಾನು ಕೂಗಾಡಿದೆ. ಅವಳು ಹೇಳಿದ್ದು ಸರಿ ಎಂದು ಗೊತ್ತಿದ್ದದ್ದರಿಂದಲೇ ಅಷ್ಟು ಕೂಗಾಡಿದ್ದು.

ದಸರಾ ರಜೆಗೆ ಪೂಜಿತಾಳನ್ನು ಕರೆಸಿದೆ. ಹನ್ನೆರಡರ ಹುಡುಗಿ. ಶಿಲ್ಪಾಳ ಹಳೆಯ ಹಸಿರು ಲಂಗ ಪೆಟ್ಟಿಗೆಯಲ್ಲಿತ್ತು, ಅವಳಿಗೆ ಅಳತೆ ತೆಗೆದು ಹೊಲಿಸಿದಂತೆ ಆಯಿತು. ಅಜ್ಜಿ ಅನ್ನಬೇಡ, ಅವ್ವಾ ಅನ್ನು ಎಂದು ಹೇಳಿಕೊಟ್ಟೆ. ಹುಡುಗಿ ಏನೂ ಕೇಳದೆ ತಲೆಯಾಡಿಸಿದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಟ್ಟೆಯ ಮೇಲೆ ಕೂತಿದ್ದ ಹಂಪಮ್ಮನ ಮುಂದೆ ಹಾಲಿನ ಲೋಟ ಹಿಡಿದು ನಿಂತಳು. ಹಂಪಮ್ಮ ಮೊದಲು ಲಂಗದ ಅಂಚು ನೋಡಿದಳು, ಆಮೇಲೆ ಕೈ, ಆಮೇಲೆ ಮುಖ.

"ಬಂದ್ಯಾ ಶಿಲ್ಪಾ? ಭಾಳ ತಡಾ ಮಾಡಿದಿ."

ಪೂಜಿತಾ ನನ್ನ ಕಡೆ ತಿರುಗಿದಳು. ನಾನು ತಲೆಯಾಡಿಸಿದೆ. ಬಂದೀನವ್ವಾ ಎಂದಳು ಹುಡುಗಿ. ಹಂಪಮ್ಮ ಲೋಟ ಇಸಿದುಕೊಂಡು ಒಂದೇ ಉಸಿರಿಗೆ ಕುಡಿದಳು. ಹಿತ್ತಲ ಬಾಗಿಲಲ್ಲಿ ಬೆಕ್ಕು ಕೂಗುತ್ತಲೇ ಇತ್ತು. ಮರುದಿನ ನರ್ಸ್ ಬಂದಾಗ ಹಂಪಮ್ಮ ತಾನೇ ಸೆರಗು ಸರಿಸಿ ತೋಳು ಕೊಟ್ಟಳು. ನನ್ನ ಎದೆಯ ಮೇಲಿಂದ ಒಂದು ಲೋಡು ಇಳಿದಂತಾಯಿತು. ಮಾಡಿದ್ದು ಸುಳ್ಳೇ, ಆದರೆ ಅವಳ ಕಾಲು ಉಳಿಯಲು ಮತ್ತೆ ಅದನ್ನೇ ಮಾಡು ಎಂದರೆ ಮತ್ತೆ ಮಾಡಿಯೇನು.

ಆಮೇಲೆ ಶನಿವಾರ ಬಂತೆಂದರೆ ಮುರುಗೇಶ್ ಸಂಡೂರಿಗೆ ಕಾರು ಓಡಿಸುವನು. ಪೂಜಿತಾ ಬರುವಳು, ಹಸಿರು ಲಂಗ ತೊಡುವಳು, ಹಾಲು ಕೊಡುವಳು. ಉಳಿದ ದಿನ ಸೌಜನ್ಯ ಕೊಟ್ಟರೂ, ಶಿಲ್ಪಾ ಕೊಡಲು ಹೇಳಿದ್ದಾಳೆ ಎಂದರೆ ಹಂಪಮ್ಮ ಕುಡಿಯುತ್ತಿದ್ದಳು. ಬೇಸಿಗೆ ಕಾಲಿಡುವ ಹೊತ್ತಿಗೆ ಅವಳು ಗೋಡೆ ಬಿಟ್ಟು ನಡೆದಳು. ಸಾರಿನ ಉಪ್ಪು ಸರಿಹೋಯಿತು. ಸುಂಕಲಮ್ಮನನ್ನು ಹೆಸರು ಹಿಡಿದು ಕರೆದು, ಮೂಲೆ ಗುಡಿಸಿಲ್ಲ ಎಂದು ಬೈದಳು. ಬೈಸಿಕೊಂಡ ಸುಂಕಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ನಾನು ಗಿರಣಿಯ ಹಮಾಲರಿಗೆಲ್ಲ ಮಿರ್ಚಿ ತರಿಸಿ ಕೊಟ್ಟೆ. ಆದರೆ ಪೂಜಿತಾ ದಿನೇ ದಿನೇ ಮಂಕಾಗುತ್ತಿದ್ದುದನ್ನು ನಾನು ನೋಡಲಿಲ್ಲ. ಅಜ್ಜಿ ನನ್ನ ಹೆಸರು ಯಾವಾಗ ಕರೀತಾಳ ಎಂದು ಅವಳು ಸೌಜನ್ಯಳ ಹತ್ತಿರ ಅತ್ತಿದ್ದಳಂತೆ.

ಒಂದು ಶನಿವಾರ ಹುಡುಗಿ ಎಂದಿನಂತೆ ತಗೋ ಅವ್ವಾ ಎಂದು ಲೋಟ ಚಾಚಿದಳು. ಹಂಪಮ್ಮ ಕೈ ಚಾಚಲಿಲ್ಲ. ಅವಳ ಕಣ್ಣಿನಲ್ಲಿ ಮೊದಲಿನ ಮಬ್ಬು ಇರಲಿಲ್ಲ. ಎಷ್ಟೋ ಹೊತ್ತು ಆ ಮುಖವನ್ನೇ ನೋಡಿ, ನೀನು ಪೂಜಿತಾ ಅಲ್ಲೇನ ಎಂದು ಮೆಲ್ಲಗೆ ಕೇಳಿದಳು. ಹುಡುಗಿ ಹೌದಜ್ಜಿ ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಹಂಪಮ್ಮ ಅವಳನ್ನು ಮಡಿಲಿಗೆ ಎಳೆದುಕೊಂಡು ತಲೆ ಸವರುತ್ತ ಕೂತಳು. ಹಾಲು ಕಟ್ಟೆಯ ಮೇಲೆ ಹಾಗೇ ಕೆನೆಗಟ್ಟಿತು. ನನ್ನನ್ನು ಅವಳು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಬಿಸಿ ತುಪ್ಪ ಬಾಯಿಗೆ ಬಿದ್ದವನಂತೆ ನಾನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತಿದ್ದೆ.

ಮರುದಿನದಿಂದ ಅವಳು ಹಾಲು ಮುಟ್ಟಲಿಲ್ಲ. ಇಂಜೆಕ್ಷನ್ ಹೊತ್ತು ಬಂದಾಗ ನರ್ಸನ್ನೂ ವಾಪಸು ಕಳಿಸಿದಳು. ಉಣ್ಣುವುದು, ಮಲಗುವುದು, ನಡೆಯುವುದು ಎಲ್ಲ ಸರಿಯಾಗಿಯೇ ಇತ್ತು. ಆದರೆ ಕಟ್ಟೆಯ ಮೇಲೆ ಕೂತು ರಸ್ತೆ ನೋಡುವುದನ್ನು ನಿಲ್ಲಿಸಿದಳು. ಅದು ನನಗೆ ಮೊದಲಿಗಿಂತ ಹೆಚ್ಚು ಹೆದರಿಕೆ ತಂದಿತು.

ಆ ಹೊತ್ತಿಗೇ ಶಿಬಿರದವರ ಎರಡನೇ ಸುತ್ತು ಬಂತು. ಮತ್ತೆ ರಕ್ತ ತೆಗೆದರು, ಮತ್ತೆ ಅದೇ ಪ್ರಶ್ನೆ ಕೇಳಿದರು. ಈ ಸಲ ನಾನು ಬಾಯಿ ಹೊಲಿದುಕೊಂಡು ಕೂತೆ. ಬದುಕು ಬರಿದೆನಿಸುತ್ತದೆಯೇ ಎಂದಾಗ ಹಂಪಮ್ಮ ಹೌದು ಎಂದಳು. ಅಳು ಬರುತ್ತದೆಯೇ ಎಂದಾಗ, ಬರುತ್ತದೆ ಆದರೆ ಹೊರಗೆ ಬರುವುದಿಲ್ಲ ಎಂದಳು. ವರದಿ ಬಂದ ಮೇಲೆ ಡಾಕ್ಟರ್ ಸ್ನೇಹಾ ಕಾಗದ ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಬೆರಳಿಟ್ಟು ಒಂದೊಂದೇ ಸಾಲು ಹೋಲಿಸಿದಳು. ರಕ್ತ ಸುಧಾರಿಸಿದೆ, ಮನಸ್ಸು ಹಿಂದಿಗಿಂತ ಕುಗ್ಗಿದೆ ಎಂದು ಲೆಕ್ಕ ಹೇಳುತ್ತದೆ, ಇದು ತಿರುಗುಮುರುಗಾಯಿತಲ್ಲ ಎಂದಳು. ನಾನು ಹೇಳಿದೆ, ಮೊದಲ ಸಲ ಇವಳು ಚೀಲದ ಬಾಯಿಯಲ್ಲಿ ತೋರಿಕೆಗಿಟ್ಟ ಒಳ್ಳೆಯ ಭತ್ತ ಕೊಟ್ಟಿದ್ದಳು ತಾಯಿ, ಈ ಸಲ ನಡುವಿನದು ಕೊಟ್ಟಿದ್ದಾಳೆ. ಆ ಹುಡುಗಿಗೆ ಅರ್ಥವಾಯಿತು. ಹಂಪಮ್ಮನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಬಹಳ ಹೊತ್ತು ಕೈ ಹಿಡಿದು ಕೂತಳು. ಈ ದುಃಖ ಯಾವ ಸೂಜಿಗೂ ಹೋಗುವುದಿಲ್ಲ, ಆದರೆ ಇಂಜೆಕ್ಷನ್ ಬಿಟ್ಟರೆ ದುಃಖ ಯಾವುದು ಎಂಬುದೂ ಮರೆತುಹೋಗುತ್ತದೆ ಅಜ್ಜಿ ಎಂದಳು. ಮಗಳನ್ನೂ ಮರೆಯುತ್ತೀರಿ, ಮೊಮ್ಮಗಳನ್ನೂ.

ಹಂಪಮ್ಮ ಕೈ ಬಿಡಿಸಿಕೊಂಡು ಎದ್ದಳು. ಮನೆಗೆ ಬಂದು ಎಮ್ಮೆಯ ಹಾಲು ತಾನೇ ಕರೆದಳು, ಬೆಣ್ಣೆ ಕಾಸಿದಳು. ಬೆಳಿಗ್ಗೆ ಹಾಲಿನ ಚೊಂಬಿಗೆ ಬಟ್ಟೆ ಕಟ್ಟಿ, ತುಪ್ಪದ ಗಿಂಡಿ ಹಿಡಿದು ಕಾರಿನ ಹತ್ತಿರ ಬಂದು ನಿಂತಳು. ಮುರುಗೇಶ್ ಕಿರಣ್ ಕುಮಾರನಿಗೆ ಫೋನು ಮಾಡಿ ಕಾರು ತೆಗೆದ.

ಸಂಡೂರಿನ ಹಾದಿಯಲ್ಲಿ ಅದಿರಿನ ಲಾರಿಗಳ ಕೆಂಪು ಧೂಳು. ಗಿಡಗಂಟಿ, ಮನೆಯ ಮಾಡು ಎಲ್ಲ ಕೆಂಪು. ಕಿರಣ್ ಕುಮಾರ್ ಪೂಜಿತಾಳನ್ನು ಕರೆದುಕೊಂಡು ಬೇಲಿಯ ಹತ್ತಿರ ಕಾದಿದ್ದ. ನಾಲ್ಕು ವರ್ಷದಲ್ಲಿ ಮಣ್ಣಿನ ಗುಪ್ಪೆ ಇಳಿದು ನೆಲಕ್ಕೆ ಸಮವಾಗಿತ್ತು. ಇದೇ ಜಾಗ ಎಂದು ಅವನು ಇಟ್ಟಿದ್ದ ಒಂದು ಕಲ್ಲು ಮಾತ್ರ ಗುರುತು. ಹಂಪಮ್ಮ ಆ ಕಲ್ಲನ್ನು ಸೆರಗಿನಿಂದ ಒರೆಸಿದಳು, ಮಗುವಿನ ಮುಖ ಒರೆಸುವ ಹಾಗೆ. ವಿಭೂತಿ ಹಚ್ಚಿದಳು. ತುಪ್ಪ ಎರೆದಳು. ಆಮೇಲೆ ಹಾಲು, ಸ್ವಲ್ಪ ಸ್ವಲ್ಪವಾಗಿ, ತಲೆಯಿಂದ ಕಾಲಿನ ಕಡೆಗೆ. ಕೆಂಪು ಮಣ್ಣು ಎಷ್ಟು ಎರೆದರೂ ಕುಡಿಯುತ್ತಲೇ ಇತ್ತು. ಚೊಂಬಿನಲ್ಲಿ ಒಂದು ಲೋಟದಷ್ಟು ಉಳಿದಾಗ ಕೈ ನಿಲ್ಲಿಸಿ, ಅದನ್ನು ಮೊಮ್ಮಗಳ ಕೈಗೆ ಕೊಟ್ಟಳು.

"ನಿಮ್ಮವ್ವ ಇನ್ನ ಬರಂಗಿಲ್ಲವ್ವ. ನೀನ ಕೊಡು. ಆಕಿ ಹೆಸರಿಂದ ಬ್ಯಾಡ, ನಿನ್ನ ಹೆಸರು ಹೇಳಿ ಕೊಡು."

ಪೂಜಿತಾ ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದಳು. ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜಿಯ ಮುಂದೆ ಚಾಚಿದಳು.

"ನಾನು ಪೂಜಿತಾ. ತಗೋ ಅಜ್ಜಿ."

ಹಂಪಮ್ಮ ಚೊಂಬು ಎತ್ತಿ ಪೂರ್ತಿ ಕುಡಿದಳು. ಬರಿ ಚೊಂಬನ್ನು ಕಲ್ಲಿನ ಪಕ್ಕ ಬೋರಲು ಹಾಕಿ, ಆ ಮಣ್ಣಿನ ಮೇಲೆಯೇ ಕೂತು, ಎದೆ ಬಡಿದುಕೊಂಡು ಮಗಳ ಹೆಸರು ಹಿಡಿದು ಅತ್ತಳು. ನಾನೂ ಅತ್ತೆ. ಬೇಲಿಯ ಆಚೆ ನಿಂತು ನೋಡಿದ ದಿನ ಸತ್ತಿರಲಿಲ್ಲ ಶಿಲ್ಪಾ. ನಮ್ಮ ಮಗಳು ತೀರಿಕೊಂಡದ್ದು ಹಾಲು-ತುಪ್ಪ ಎರೆದ ಅವತ್ತು.